ಸರಿ ಮಾಡಿದ ಕೈ

ನಮ್ಮ ಮಾವ ದ್ವಾರಕಾನಾಥರಿಗೆ ಬೇಸ್‌ಬಾಲ್ ಅಂದರೆ ಮಗ ದಾರಿ ತಪ್ಪಿದ ಕಥೆ. ಆದರೂ ಕನ್ನಡ ಸಂಘದಲ್ಲಿ ಯಾರಾದರೂ "ನಿಮ್ಮ ಅಭಿನವ್ ಟಿವಿಲಿ ಬಂದಿದ್ನಂತೆ" ಎಂದರೆ ಎದೆ ಉಬ್ಬಿಸಿಕೊಂಡು ತಪ್ಪದೆ ಒಂದು ಮಾತು ಸೇರಿಸುತ್ತಿದ್ದರು: "ಹುಟ್ಟಾ ಎಡಚ ಕಣ್ರೀ ಅವ್ನು. ನಾನೇ ಕೂತು ಸರಿ ಮಾಡ್ದೆ."

ಊಟಕ್ಕೆ ಕೂತಾಗೆಲ್ಲ ಮಗುವಿನ ಎಡಗೈಗೆ ಕರವಸ್ತ್ರ ಸುತ್ತಿ ಕಟ್ಟುತ್ತಿದ್ದರಂತೆ. "ಒಂದೇಟು ಹೊಡೀಲಿಲ್ಲ ನೋಡಿ" ಅನ್ನುವ ಹೆಮ್ಮೆ ಬೇರೆ. ಕೇಳಿದವರು ತಲೆದೂಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾನು ಸೌಜನ್ಯ. ಅಮೆರಿಕದ ಬೆಲ್ವ್ಯೂನಲ್ಲಿ ಕೆಲಸ ಸಿಕ್ಕಿ ಮೈಸೂರಿನಿಂದ ಬಂದವಳು, ಅಭಿನವ್ ಸಿಕ್ಕಿ ಮದುವೆಯಾದದ್ದು ಆಮೇಲೆ. ಬೇಸ್‌ಬಾಲ್‌ನ ಗಂಧಗಾಳಿಯೂ ನನಗಿರಲಿಲ್ಲ. ಅವನು ಪಿಚರ್, ಅಂದರೆ ಬ್ಯಾಟ್ ಹಿಡಿದವನಿಗೆ ಚೆಂಡು ಎಸೆಯುವವನು. ಎಸೆಯುತ್ತಿದ್ದುದು ಬಲಗೈಯಲ್ಲಿ. ಕಾಲೇಜು ಮುಗಿದ ಮೇಲೆ ದೊಡ್ಡ ತಂಡವೊಂದು ಅವನನ್ನು ತನ್ನ ಕೆಳಗಿನ ತಂಡಗಳಿಗೆ ಸೇರಿಸಿಕೊಂಡಿತು. ಊರಿಂದೂರಿಗೆ ಬಸ್ಸು, ಅಗ್ಗದ ಹೋಟೆಲು, ತಣ್ಣಗಾದ ಪಿಜ್ಜಾ. ಹೀಗೆ ವರ್ಷಗಟ್ಟಲೆ ಅಲೆದು ಟಕೋಮಾದ ತಂಡದವರೆಗೆ ಬಂದ. ಅಲ್ಲಿಂದ ಸಿಯಾಟಲ್‌ನಲ್ಲಿರುವ ಆ ದೊಡ್ಡ ತಂಡದ ಮೈದಾನಕ್ಕೆ ಕಾರಿನಲ್ಲಿ ಒಂದು ಗಂಟೆಯೂ ಇಲ್ಲ. ಆ ದಾರಿ ಮಾತ್ರ ಅವನಿಗೆ ಸವೆಯಲೇ ಇಲ್ಲ.

ಆದರೆ ಎಡಗೈ ಸತ್ತಿರಲಿಲ್ಲ. ಅಪ್ಪನ ಕಣ್ಣು ತಪ್ಪಿದ ಕಡೆಯೆಲ್ಲ ಅದು ತನ್ನ ಪಾಡಿಗೆ ಬದುಕಿಕೊಂಡಿತ್ತು. ಬಸ್ಸಿನಲ್ಲಿ ಕೂತು ಹಕ್ಕಿಗಳ ಚಿತ್ರ ಬಿಡಿಸುತ್ತಿದ್ದುದು ಎಡಗೈಯಲ್ಲಿ. ಕೇರಂ ಆಡುವುದು, ತರಕಾರಿ ಹೆಚ್ಚುವುದು, ಕರ್ಕ್‌ಲ್ಯಾಂಡ್‌ನ ಸರೋವರದ ದಡದಲ್ಲಿ ನಿಂತು ನೀರಿನ ಮೇಲೆ ಕುಪ್ಪಳಿಸುವಂತೆ ಕಲ್ಲು ಎಸೆಯುವುದು, ಎಲ್ಲ ಎಡಗೈಯಲ್ಲೇ. ಅವನಿಗೆ ಖುಷಿ ಕೊಡುವುದನ್ನೆಲ್ಲ ಆ ಕೈಯೇ ಮಾಡುತ್ತಿತ್ತು.

ಹೋದ ವರ್ಷ ಬಲಭುಜಕ್ಕೆ ಆಪರೇಷನ್ ಆಯಿತು. ಚೆಂಡಿನ ವೇಗ ಇಳಿಯಿತು, ತಂಡದವರು ಕೈಬಿಟ್ಟರು. ಸಾಮಾನು ಕಟ್ಟುವ ದಿನ ಕಾಲ ಬಳಿ ಉರುಳಿ ಬಂದ ಚೆಂಡನ್ನು ಅವನು ಎಡಗೈಯಲ್ಲಿ ಎಸೆದನಂತೆ. ನೋಡುತ್ತಿದ್ದ ಕೋಚ್ ಇನ್ನೊಮ್ಮೆ ಎಸೆಯಲು ಹೇಳಿದ. ಆಮೇಲೆ, "ನಿನಗೆ ಬಲಗೈಯಲ್ಲಿ ಎಸೆಯೋಕೆ ಹೇಳಿದ ಪುಣ್ಯಾತ್ಮ ಯಾರು?" ಎಂದು ಕೇಳಿದ. ಎಡಗೈ ಪಿಚರ್‌ಗಳು ಸಿಗುವುದೇ ಅಪರೂಪ, ಬ್ಯಾಟ್ ಹಿಡಿದವರಿಗೆ ಅವರ ಚೆಂಡು ರೂಢಿ ಇರುವುದಿಲ್ಲ. ವೇಗ ಕಮ್ಮಿಯಿದ್ದರೂ ಕರೆದು ಮೇಲಿನ ತಂಡಕ್ಕೆ ಹಾಕಿಕೊಳ್ಳುತ್ತಾರೆ. ಆದರೆ ಹೊಸದಾಗಿ ಶುರು ಮಾಡುವ ವಯಸ್ಸು ಅವನಿಗೆ ದಾಟಿತ್ತು. ಇದನ್ನೆಲ್ಲ ಅಭಿನವ್ ನನಗೆ ನಗುತ್ತಾ ಹೇಳಿದ. ನನಗೆ ಅಳು ಬಂತು. ಅಪ್ಪನಿಗೆ ಹೇಳಬೇಡ ಅಂದ.

ನಮ್ಮ ಮಗಳು ಜಾಹ್ನವಿಗೂ ಎಡಗೈಯೇ ಮುಂದು. ವಿಜಯದಶಮಿಗೆ ಅವಳ ಅಕ್ಷರಾಭ್ಯಾಸ ಎಂದು ಮಾವ ರೆಂಟನ್‌ನ ತಮ್ಮ ಮನೆಗೆ ಕರೆದರು. ಕಾರಿನಲ್ಲಿ ಅಭಿನವ್ ಹೇಳಿದ್ದು ಒಂದೇ ಮಾತು: "ಅವಳ ಕೈ ಮುಟ್ಟೋಕೆ ಬಿಡಲ್ಲ."

ಸರಸ್ವತಿಯ ಪಟದ ಮುಂದೆ ತಟ್ಟೆಯಲ್ಲಿ ಅಕ್ಕಿ ಹರಡಿತ್ತು. ಮಾವ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬರೆಯಲು ಅರಿಶಿನದ ಕೊಂಬು ಕೊಟ್ಟರು. ಅವಳು ಎಡಗೈಯಲ್ಲಿ ಹಿಡಿದಳು. ಮಾವ ಮೆತ್ತಗೆ ಬಿಡಿಸಿ ಬಲಗೈಗಿಟ್ಟರು. ಕೊಂಬು ಮತ್ತೆ ಎಡಗೈಗೆ ಬಂತು. ಮಾವ ಮತ್ತೆ ಬಿಡಿಸಿದರು.

"ಅಪ್ಪ, ಬಿಡು," ಅಂದ ಅಭಿನವ್.

"ದೇವ್ರ ಮುಂದೆ ಎಡಗೈಲಿ ಬರೆಸ್ತಾರೇನೋ? ನಿನ್ನನ್ನ ತಿದ್ದಿರಲಿಲ್ವಾ? ನಿನಗೇನು ಕಮ್ಮಿ ಆಯ್ತು?"

ಅಭಿನವ್ ಕೋಚ್ ಅಂದದ್ದನ್ನು ಹೇಳಿಬಿಟ್ಟ. ಅರ್ಧ ಇಂಗ್ಲಿಷು, ಅರ್ಧ ಕನ್ನಡ. ಮಾವ ಪೂರ್ತಿ ಕೇಳಿಸಿಕೊಂಡರು. ಈಗಲಾದರೂ ಅಯ್ಯೋ ಅನ್ನುತ್ತಾರೆ ಎಂದು ಕಾದೆ.

"ಹಾಗಾದ್ರೆ ಒಳ್ಳೇದೇ ಆಯ್ತು ಬಿಡು," ಅಂದರು. "ಇಲ್ದಿದ್ರೆ ಇನ್ನೂ ಬಾಲ್ ಎಸ್ಕೊಂಡು ಅಲೀತಾ ಇರ್ತಿದ್ದೆ. ಇನ್ಮೇಲಾದ್ರೂ ಒಂದು ನೆಟ್ಟಗಿರೋ ಕೆಲ್ಸ ಹಿಡಿ."

ಅವರ ಮುಖದಲ್ಲಿ ಇದ್ದದ್ದು ನಿಜವಾದ ಸಮಾಧಾನ. ಅದನ್ನು ನೋಡಿ ನನಗೆ ಅಸಹ್ಯವಾಯಿತು. ಅಭಿನವ್ ಮಗಳನ್ನು ಎತ್ತಿ ತನ್ನ ತೊಡೆಗೆ ಹಾಕಿಕೊಂಡು, ಅವಳ ಎಡಗೈಯನ್ನು ತನ್ನ ಎಡಗೈಯಲ್ಲಿ ಹಿಡಿದು ಅಕ್ಕಿಯಲ್ಲಿ ಓಂ ಬರೆಸಿದ. ಮಾವ ತಡೆಯಲಿಲ್ಲ. ಸದ್ಯ, ಇವಳಾದರೂ ಉಳಿದಳು ಅಂದುಕೊಂಡೆ.

ಪೂಜೆ ಮುಗಿಸಿ ಮಾವ ಸಜ್ಜಿಗೆಯ ಬಟ್ಟಲು ತಂದರು. "ಬಾ ಪುಟ್ಟಿ, ಪ್ರಸಾದ." ಜಾಹ್ನವಿ ಓಡಿಹೋಗಿ ಎಡಗೈ ಚಾಚಿದಳು. ಅವರು ಬೇಡ ಅನ್ನಲಿಲ್ಲ, ಗದರಲಿಲ್ಲ. ಚಮಚ ಹಾಗೇ ಹಿಡಿದುಕೊಂಡು, ಅವಳನ್ನೇ ನೋಡುತ್ತಾ ನಗುತ್ತಿದ್ದರು ಅಷ್ಟೆ.

ಮಗು ತಾತನ ಮುಖ ನೋಡಿತು. ತನ್ನ ಕೈ ನೋಡಿಕೊಂಡಿತು. ಎಡಗೈಯನ್ನು ಮೆಲ್ಲಗೆ ಬೆನ್ನ ಹಿಂದೆ ಅಡಗಿಸಿ ಬಲಗೈ ಮುಂದೆ ಮಾಡಿತು.

"ಜಾಣೆ!" ಅಂದರು ಮಾವ.

ಜಾಹ್ನವಿ ಬಾಯಿತುಂಬ ಸಜ್ಜಿಗೆ ಇಟ್ಟುಕೊಂಡು ನಮ್ಮ ಕಡೆ ತಿರುಗಿದಳು, ನಾವೂ ಜಾಣೆ ಅನ್ನುತ್ತೇವೆಂದು ಕಾಯುತ್ತಾ.