ಬಾಗಿಲಾಚೆಯ ಹತ್ತು ನಿಮಿಷ

ಕಂಡಕ್ಟರಮ್ಮನ ತಣ್ಣಗಾದ ಪಾದಕ್ಕೆ ನರ್ಸು ಕಾಲುಚೀಲ ಏರಿಸುತ್ತಿದ್ದಾಗ, ಸತ್ತವಳ ತಂಗಿ ತಲೆದೆಸೆಗೆ ಬಂದು ನಿಂತಳು.

"ಅಕ್ಕ ನಿದ್ದೇಲೇ ಹೋದ್ಲಂತೆ. ಹೌದಾ ಸಿಸ್ಟರ್?"

ಕಾಲುಚೀಲ ಹಿಮ್ಮಡಿಯಲ್ಲಿ ಸಿಕ್ಕಿಕೊಂಡಿತು. ಕಿಟಕಿಯ ಬಳಿಯಿಂದ ಮೇಟ್ರನ್ ಕಣ್ಣಲ್ಲೇ ಗದರಿದಳು. ಕೇಳಿದವರಿಗೆಲ್ಲ ಹಾಸಿಗೆಯಲ್ಲೇ ಹೋದರು ಅನ್ನು, ಇಲ್ಲದಿದ್ದರೆ ನಿನ್ನ ಕೆಲಸ ಹೋಯಿತು ಅಂದುಕೋ ಎಂದು ಬೆಳಿಗ್ಗೆಯೇ ತಾಕೀತು ಮಾಡಿದ್ದಳು. ನರ್ಸು ಬಗ್ಗಿ ಕಾಲುಚೀಲ ಬಿಡಿಸತೊಡಗಿದಳು.

"ಇವಳ ಬಾಯಿಗೆ ಹೆದರದ ಪ್ಯಾಸೆಂಜರ್ ಇರಲಿಲ್ಲ ಬಿಡಿ," ಎಂದ ಮೂಲೆಯಲ್ಲಿ ಕೂತಿದ್ದ ಮುದುಕ, ಅವಳ ಬಸ್ಸಿನ ಡ್ರೈವರು. "ಆದ್ರೆ ತನಗೋಸ್ಕರ ಒಂದಿನ ಗಾಡಿ ನಿಲ್ಲಿಸು ಅಂದೋಳಲ್ಲ. ನಾವು ಗಂಡಸರು ಮರದ ಹಿಂದೆ ಹೋಗಿ ಬರ್ತಿದ್ವಿ. ಇವಳು ಮೂವತ್ತು ವರ್ಷ ತಡ್ಕೊಂಡೇ ಟಿಕೆಟ್ ಹರಿದ್ಲು."

*

ಆ ಹೊಟ್ಟೆ ಈ ವೃದ್ಧಾಶ್ರಮ ಸೇರಿದ ಮೇಲೂ ಸಡಿಲವಾಗಲಿಲ್ಲ. ಇಲ್ಲಿ ಕಕ್ಕಸಿನ ಬಾಗಿಲು ಹಾಕುವಂತಿರಲಿಲ್ಲ. ಹಿಂದೆ ಯಾರೋ ಒಳಗೆ ಬಿದ್ದ ಮೇಲೆ ಬಂದ ನಿಯಮ ಅದು. ಆರು ದಿನ, ಏಳು ದಿನ, ಏನೂ ಇಲ್ಲ. ಔಷಧಿಗೂ ಜಗ್ಗಲಿಲ್ಲ. ಅವಳು ಊಟ ಬಿಟ್ಟಳು, ಮಾತು ಬಿಟ್ಟಳು, ಗೋಡೆಗೆ ಮುಖ ಮಾಡಿ ಮಲಗಿದಳು. ಡಾಕ್ಟರು ಮನಸ್ಸಿಗೆಂದು ಒಂದು ಮಾತ್ರೆ ಬರೆದರು. ಅದು ಹೊಟ್ಟೆಯನ್ನು ಇನ್ನಷ್ಟು ಕಟ್ಟಿತು.

"ಬಾಗಿಲು ಹಾಕು ತಾಯಿ," ಎಂದಳು ಒಂದು ದಿನ. "ಬೀದೀಲಿ ಕೂತ ಹಾಗಾಗುತ್ತೆ."

ನರ್ಸು ಹಾಕಿ, ಹೊರಗೆ ನಿಂತಳು. ಅರ್ಧ ಗಂಟೆಯ ಮೇಲೆ ಒಳಗಿನಿಂದ ಕೂಗು ಬಂತು: "ರೈಟ್! ರೈಟ್!"

ಅವತ್ತು ಕಂಡಕ್ಟರಮ್ಮ ಎರಡನೇ ಸಲ ಕೇಳಿ ಬಡಿಸಿಕೊಂಡಳು. ಪಕ್ಕದ ಹಾಸಿಗೆಯವಳ ಗೊರಕೆಯನ್ನು ಅಣಕಿಸಿ ಎಲ್ಲರನ್ನೂ ನಗಿಸಿದಳು. ಮೂರು ವಾರ ಹೀಗೇ ಕದ್ದುಮುಚ್ಚಿ ನಡೆಯಿತು.

ನಿನ್ನೆ ನಡುವೆ ಒಳಗಿನ ಸದ್ದು ನಿಂತಿತು. ಅವಸರ ಮಾಡಿದರೆ ಮತ್ತೆ ಬಿಗಿದುಕೊಳ್ಳುತ್ತದೆಂದು ನರ್ಸು ಬಾಗಿಲು ತಟ್ಟಲಿಲ್ಲ. ತೆರೆದಾಗ ಉಸಿರಿರಲಿಲ್ಲ.

*

"ಸಿಸ್ಟರ್, ಕೇಳಿದ್ದು ನಿಮ್ಮನ್ನೇ."

"ನಿದ್ದೇಲಲ್ಲಮ್ಮ. ಕಕ್ಕಸಲ್ಲಿ." ನರ್ಸು ತಲೆಯೆತ್ತಿದಳು. "ಬಾಗಿಲು ಹಾಕಿದ್ದೆ, ನಾನೇ. ತೆರೆದಿದ್ರೆ ಅವರಿಗೆ ಆಗ್ತಿರಲಿಲ್ಲ."

ಮೇಟ್ರನ್ ದಡದಡನೆ ಹೊರಗೆ ನಡೆದಳು.

"ಎಷ್ಟು ಹೊತ್ತು ಕಾದ್ರಿ?"

"ಸದ್ದು ನಿಂತ ಮೇಲೆ ಹತ್ತು ನಿಮಿಷ. ಮೊದಲೇ ತೆಗೆದಿದ್ರೆ... ನಂಗೊತ್ತಿಲ್ಲಮ್ಮ."

ತಂಗಿ ಅಕ್ಕನ ಬಟ್ಟೆಗಳನ್ನು ಗಂಟು ಕಟ್ಟತೊಡಗಿದಳು.

ಗಾಡಿ ಬಂತು. ಹೆಣ ಏರಿಸಿದರು. ತಂಗಿ ಹತ್ತಿ ಪಕ್ಕದಲ್ಲಿ ಕೂತಳು.

"ಇನ್ಯಾರಾದ್ರೂ ಬರೋರಿದ್ದಾರಾ?" ಗಾಡಿಯವನು ಕೇಳಿದ.

ತಂಗಿ ತನ್ನ ಪಕ್ಕದ ಸೀಟಿನ ಮೇಲಿದ್ದ ಅಕ್ಕನ ಬಟ್ಟೆಗಂಟನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಜಾಗ ಬಿಟ್ಟು, ತಲೆ ತಗ್ಗಿಸಿದಳು. ನರ್ಸು ಗಾಡಿಯ ಬಾಗಿಲ ಕಂಬಿ ಹಿಡಿದು ನಿಂತಿದ್ದಳು. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಏಳಲೊಲ್ಲದೆ ನೆಲದಲ್ಲಿ.