ಕಾರು ಅಪ್ಪಚ್ಚಿಯಾದ ದಿನ

ಮಧುಗಿರಿಯ ಪಾಲಾಕ್ಷನ ಮಾತು ಯಾವಾಗಲೂ ಜೋರು. ಹಿಟ್ಟಿನ ಗಿರಣಿಯ ಸದ್ದನ್ನು ಮೀರಿ ಮಾತಾಡಿ ಮಾತಾಡಿ, ಗಿರಣಿ ನಿಂತ ಮೇಲೂ ಅವನ ದನಿ ಇಳಿಯುತ್ತಿರಲಿಲ್ಲ. ಅವನ ಕಾರಿನ ವಿಷಯ ಬಂದರಂತೂ ಬೀದಿಗೆಲ್ಲ ಕೇಳಿಸುತ್ತಿತ್ತು. ಅದೊಂದು ಬೂದು ಬಣ್ಣದ ಹಳೇ ಕಾರು. ಅಣ್ಣ ಓಬಳೇಶನಿಂದ ಬಂದದ್ದು. ಬಾಗಿಲು ಹಾಕಿದರೆ ಕೋಟೆ ಬಾಗಿಲು ಹಾಕಿದ ಹಾಗೆ ಸದ್ದಾಗುತ್ತಿತ್ತು.

"ಕಬ್ಣ ಅಂದ್ರೆ ಕಬ್ಣ ಕಣ್ಲಾ. ಈಗ ಯಾವನು ಮಾಡ್ತಾನೆ ಇಂಗೆ?" ಎಂದು ರಾಗಿ ಬೀಸಿಸಲು ಬಂದವರ ಮುಂದೆ ಬಾನೆಟ್ಟಿನ ಮೇಲೆ ಬಡಿದು ತೋರಿಸುತ್ತಿದ್ದ.

ಓಬಳೇಶ ಸತ್ತದ್ದು ಅದೇ ಕಾರಿನಲ್ಲಿ. ಹೆಂಡತಿ ಲಕ್ಷ್ಮಕ್ಕನನ್ನು ಅವಳ ತವರು ವೈ.ಎನ್.ಹೊಸಕೋಟೆಗೆ ಕರೆದುಕೊಂಡು ಹೋಗುತ್ತಿದ್ದಾಗ, ಅಡ್ಡ ಬಂದ ಎಮ್ಮೆ ತಪ್ಪಿಸಲು ಹೋಗಿ ಹುಣಸೆಮರಕ್ಕೆ ಗುದ್ದಿದ್ದ. ಹಿಂದಿನ ಸೀಟಿನಲ್ಲಿದ್ದ ಲಕ್ಷ್ಮಕ್ಕನಿಗೆ ಎರಡು ಹಲ್ಲು ಹೋದವು, ಅಷ್ಟೆ. ಸ್ಟೇರಿಂಗಿಗೆ ಎದೆ ಕೊಟ್ಟ ಓಬಳೇಶ ಅಲ್ಲೇ ಮುಗಿದಿದ್ದ. ಕಾರಿಗೆ ಬಂಪರ್ ಸೊಟ್ಟಗಾಗಿ ಒಂದು ದೀಪ ಒಡೆದಿತ್ತು. ಹೊಸ ದೀಪ ಹಾಕಿಸಿದ ಮೇಲೆ ಏನೂ ನಡೆದೇ ಇಲ್ಲ ಎನ್ನುವಂತೆ ಅದು ಓಡತೊಡಗಿತು. ಆಗಿನ್ನೂ ಬದುಕಿದ್ದ ಪಾಲಾಕ್ಷನ ತಾಯಿ ಸೊಸೆಯ ಮುಖಕ್ಕೇ ಹೇಳಿದ್ದಳು: "ಕಾರಿಗೆ ಗೀರು ಬೀಳ್ಲಿಲ್ಲ, ನನ್ ಮಗ ಹೋದ. ಇನ್ನೇನು, ಇವಳ ಕೆಟ್ಟ ದೆಸೆ!"

ಲಕ್ಷ್ಮಕ್ಕ ಕರ್ಮ ಮುಗಿಸಿಕೊಂಡು ತವರಿಗೆ ಹೋದವಳು ಅಲ್ಲೇ ಉಳಿದಳು. ತಮ್ಮನ ಜೊತೆ ಕಡ್ಲೆಕಾಯಿ ಹೊಲ ನೋಡಿಕೊಂಡಿದ್ದಳು. ಆ ಕಾರನ್ನು ಮಾತ್ರ ಮತ್ತೆ ಹತ್ತಲಿಲ್ಲ. ಪಾಲಾಕ್ಷ ಎಷ್ಟು ಕರೆದರೂ, "ಬಸ್ಸಿಗೆ ಬರ್ತೀನಿ ಬುಡಪ್ಪ" ಎನ್ನುತ್ತಿದ್ದಳು.

ಪಾಲಾಕ್ಷನ ಮಗಳು ಅನುಪಮಾ ಕೊರಟಗೆರೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮಕ್ಕಳಿಲ್ಲದ ಲಕ್ಷ್ಮಕ್ಕನ ಸೊಂಟದ ಮೇಲೇ ಬೆಳೆದ ಹುಡುಗಿ. ದೊಡ್ಡಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಸ್ಸಿನ ಬೋರ್ಡು ಕಾಣದೆ ತಪ್ಪು ಬಸ್ಸು ಹತ್ತಿ ಶಿರಾಕ್ಕೆ ಹೋಗಿದ್ದಳು ಎಂದು ಗೊತ್ತಾದ ಮೇಲೆ ಅವಳು ತಡಮಾಡಲಿಲ್ಲ. ಬಿಳಿ ಬಣ್ಣದ ಹೊಸ ಕಾರೊಂದನ್ನು ತಂದು ಮನೆ ಮುಂದೆ ನಿಲ್ಲಿಸಿದಳು.

ಪಾಲಾಕ್ಷ ಅದರ ಸುತ್ತ ಒಂದು ಸುತ್ತು ಬಂದ. ಬಾನೆಟ್ಟಿನ ಮೇಲೆ ಹೆಬ್ಬೆಟ್ಟಿಟ್ಟು ಒತ್ತಿದ. ಅದು ಸ್ವಲ್ಪ ತಗ್ಗಿ ಮತ್ತೆ ಮೇಲೆದ್ದಿತು.

"ಇದೇನಮ್ಮ, ಕಾರೋ ಎಣ್ಣೆ ಡಬ್ಬವೋ? ಮೇಕೆ ಗುದ್ದಿದ್ರೂ ಒಳೀಕೆ ಹೋಗ್ತದೆ."

"ಹೋಗ್ಲಿ ಅಂತಾನೆ ಮಾಡಿರೋದು ಅಪ್ಪಾ. ಏಟನ್ನ ಕಾರು ತಿನ್ಬೇಕು. ಒಳಗೆ ಕೂತೋರು ತಿನ್ಬಾರ್ದು."

"ಆ ಪಾಠ ನಿನ್ ಸ್ಕೂಲ್ ಮಕ್ಕಳಿಗೆ ಹೇಳು. ನಾನು ಎಷ್ಟು ಆಕ್ಸಿಡೆಂಟ್ ನೋಡಿಲ್ಲ?"

ಅಡುಗೆಮನೆಯಿಂದ ಅವನ ಹೆಂಡತಿ ವನಜಾ, "ಕಾರಿಗೆ ಪೂಜೆ ಮಾಡೋ ದಿನವೇ ಆಕ್ಸಿಡೆಂಟ್ ಮಾತು ಬೇಕೇನ್ರೀ?" ಎಂದು ಗದರಿದ್ದರಿಂದ ಮಾತು ಅಲ್ಲಿಗೆ ನಿಂತಿತು.

ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತಾಯಿತು. ಅದರ ಹಿಂದಿನ ಭಾನುವಾರ ಅನುಪಮಾ ದೊಡ್ಡಮ್ಮನನ್ನು ಕರೆತರಲು ಬೆಳಿಗ್ಗೆಯೇ ಹೊಸಕೋಟೆಗೆ ಹೊರಟಳು. ತಾನೂ ಬರುತ್ತೇನೆ, ತನ್ನ ಕಾರಿನಲ್ಲೇ ಹೋಗೋಣ ಎಂದು ಪಾಲಾಕ್ಷ ಹಟ ಹಿಡಿದ. "ದೊಡ್ಡಮ್ಮ ಅದರಲ್ಲಿ ಹತ್ತಲ್ಲ, ನಿನಗೆ ಗೊತ್ತಲ್ಲಪ್ಪಾ" ಎಂದು ಅವಳು ಮೆಲ್ಲಗೆ ಹೇಳಿದಳು. ಅವನು ಮುಖ ಊದಿಸಿಕೊಂಡು ಗಿರಣಿಯ ಬಾಗಿಲು ತೆಗೆಯಲು ಹೋದ.

ಮಧ್ಯಾಹ್ನದ ಹೊತ್ತಿಗೆ ಮಗಳ ನಂಬರಿನಿಂದ ಫೋನ್ ಬಂತು. ಗಿರಣಿ ಓಡುತ್ತಿತ್ತು. "ಎಲ್ಲಿದೀಯಮ್ಮ?" ಎಂದು ಕೂಗಿದ. ಆ ಕಡೆ ಗಂಡಸಿನ ದನಿ.

"ಸಾರ್, ಈ ಫೋನಲ್ಲಿ ಅಪ್ಪ ಅಂತ ಇತ್ತು, ಅದಕ್ಕೇ ಮಾಡ್ದೆ. ಮಿಡಿಗೇಶಿ ದಾಟಿ ಪಾವಗಡ ರೋಡಲ್ಲಿ ಗೂಡ್ಸ್ ಗಾಡಿ ಗುದ್ಬುಟ್ಟೈತೆ. ಕಾರು ಪೂರ್ತಿ ಅಪ್ಪಚ್ಚಿ ಆಗೈತೆ ಸಾರ್. ಬೇಗ ಬನ್ನಿ..."

"ಒಳಗಿದ್ದೋರು? ಹಲೋ! ಒಳಗಿದ್ದೋರು ಹೆಂಗವ್ರೆ?"

ಲೈನ್ ಕಡಿಯಿತು. ಮತ್ತೆ ಮಾಡಿದರೆ ನೆಟ್‌ವರ್ಕ್ ಇಲ್ಲ. ಪಾಲಾಕ್ಷ ಗಿರಣಿಯ ಸ್ವಿಚ್ಚು ಆರಿಸಿದ. ಮೇಲಿನ ತೊಟ್ಟಿಯಲ್ಲಿ ಯಾರದೋ ರಾಗಿ ಅರ್ಧ ಬೀಸಿ ಹಾಗೇ ನಿಂತಿತು. ಮನೆಗೆ ಓಡಿ ಬಂದು ವನಜಾಳಿಗೆ, "ಹತ್ತು, ಅನುಗೆ ಏನೋ ಆಗಿದೆ" ಎಂದಷ್ಟೇ ಹೇಳಿದ. ಅವಳು ಒದ್ದೆ ಕೈಯಲ್ಲೇ ಬಂದು ಕಾರಿನಲ್ಲಿ ಕೂತಳು.

ದಾರಿಯುದ್ದಕ್ಕೂ ವನಜಾ ಫೋನ್ ಒತ್ತುತ್ತಲೇ ಇದ್ದಳು. ಪಾಲಾಕ್ಷನ ತಲೆಯಲ್ಲಿ ಒಂದೇ ಲೆಕ್ಕ: ಕಬ್ಬಿಣದಂಥ ಕಾರಿಗೆ ಏನೂ ಆಗದಾಗಲೇ ಅಣ್ಣ ಸತ್ತ. ಅಪ್ಪಚ್ಚಿಯಾದ ಕಾರಿನಲ್ಲಿ ಮಗಳು ಹೇಗೆ ಉಳಿದಾಳು? ಹೆಂಡತಿಗೆ ಏನು ಹೇಳಿ ಸಿದ್ಧ ಮಾಡುವುದು ಎಂದು ಯೋಚಿಸಿದ.

ಮಿಡಿಗೇಶಿ ದಾಟಿ ಸ್ವಲ್ಪ ದೂರದಲ್ಲಿ ಜನ ಗುಂಪುಗೂಡಿದ್ದು ಕಂಡಿತು. ಬೈಕುಗಳು, ಒಂದು ಹುಲ್ಲಿನ ಟ್ರ್ಯಾಕ್ಟರು, ರಸ್ತೆ ಪಕ್ಕಕ್ಕೆ ವಾಲಿದ ಗೂಡ್ಸ್ ಗಾಡಿ. ರಸ್ತೆಯ ಮೇಲೆಲ್ಲ ಕೆಂಪು. ವನಜಾ "ಅಯ್ಯೋ" ಎಂದು ಸೆರಗು ಬಾಯಿಗೊತ್ತಿಕೊಂಡಳು. ಹತ್ತಿರ ಹೋದಾಗ ಅದು ಟೊಮೆಟೊ ಎಂದು ಗೊತ್ತಾಯಿತು. ಕ್ರೇಟುಗಳು ಒಡೆದು ಹಣ್ಣೆಲ್ಲ ಟಾರಿಗೆ ಅಂಟಿಕೊಂಡಿದ್ದವು.

ಬಿಳಿ ಕಾರು ಚರಂಡಿಯ ಅಂಚಿನಲ್ಲಿತ್ತು. ಅದಕ್ಕೆ ಮೂತಿಯೇ ಇರಲಿಲ್ಲ. ಬಾನೆಟ್ಟು ಹಪ್ಪಳದ ಹಾಗೆ ಮಡಚಿ ಗಾಜಿನ ತನಕ ಬಂದಿತ್ತು. ಒಂದು ಚಕ್ರ ಅಡ್ಡಕ್ಕೆ ಬಿದ್ದಿತ್ತು. ಹಾರನ್ನು ಸಿಕ್ಕಿಕೊಂಡು ಒಂದೇ ಸಮನೆ ಅರಚುತ್ತಿತ್ತು. ಪಾಲಾಕ್ಷ ಇಳಿದ. ನಾಲ್ಕು ಹೆಜ್ಜೆ ಹಾಕಿ, ರಸ್ತೆಯ ಬದಿಯ ಮೈಲಿಗಲ್ಲು ಹಿಡಿದು ಹಾಗೇ ಕುಸಿದು ಕೂತ.

ಆಗ ಹಾರನ್ನಿನ ಸದ್ದಿನ ನಡುವೆ ಒಂದು ಹೆಂಗಸಿನ ಬೈಗುಳ ಕೇಳಿಸಿತು.

"ಏಮಯ್ಯಾ, ಮುಂದೆ ಕಾರು ಬರೋದು ಕಾಣ್ಲಿಲ್ವಾ ನಿಂಗೆ? ಕಣ್ಣಿಗೆ ಪೊರೆ ಬಂದಿರೋದು ನಂಗೋ ನಿಂಗೋ?"

ಬೇವಿನ ಮರದ ಕೆಳಗೆ ಲಕ್ಷ್ಮಕ್ಕ ಕೂತಿದ್ದಳು. ಮುಖ, ಕೂದಲು, ಸೀರೆ ಎಲ್ಲದರ ಮೇಲೂ ಬಿಳಿ ಪುಡಿ. ಅವಳ ಎದುರು, ಕಾಲು ಮುರಿದುಕೊಂಡು ಮಲಗಿದ್ದ ಗೂಡ್ಸ್ ಗಾಡಿಯ ಡ್ರೈವರು ನೋವಿನಲ್ಲೂ ಕೈ ಮುಗಿಯುತ್ತಿದ್ದ. ಅವಳ ಪಕ್ಕದಲ್ಲಿ, ಬಲಗೈಯನ್ನು ಎಡಗೈಯಿಂದ ಎತ್ತಿ ಹಿಡಿದುಕೊಂಡು, ಅಷ್ಟೇ ಬೆಳ್ಳಗಾಗಿ, ಅನುಪಮಾ.

"ಅಪ್ಪಾ," ಎಂದಳು. "ಏನೂ ಆಗಿಲ್ಲ ಅಪ್ಪಾ. ನಾವಿಬ್ರೂ ಚೆನ್ನಾಗಿದೀವಿ."

ವನಜಾ ಓಡಿ ಹೋಗಿ ಮಗಳ ತಲೆ, ಬೆನ್ನು, ಕಾಲುಗಳನ್ನು ಮುಟ್ಟಿ ಮುಟ್ಟಿ ನೋಡಿದಳು. ಪಾಲಾಕ್ಷ ಮೈಲಿಗಲ್ಲಿನ ಹತ್ತಿರವೇ ಕೂತಿದ್ದ. ಯಾರೋ ನೀರಿನ ಬಾಟಲಿ ಕೊಟ್ಟರು. ಅರ್ಧ ಕುಡಿದು, ಅರ್ಧ ಅಂಗಿಯ ಮೇಲೆ ಚೆಲ್ಲಿಕೊಂಡು, ಬೀದಿಗೆಲ್ಲ ಕೇಳಿಸುವಂತೆ ಮಾತಾಡುತ್ತಿದ್ದ ಮನುಷ್ಯ ಮಗುವಿನ ಹಾಗೆ ಅತ್ತ.

"ಏಮೀ ಕಾಲೇದು ಪಾಲಾಕ್ಷಪ್ಪ, ಏನೂ ಆಗಿಲ್ಲ, ಅಳಬ್ಯಾಡ," ಎಂದು ಲಕ್ಷ್ಮಕ್ಕ ಅಲ್ಲಿಂದಲೇ ಕೂಗಿದಳು. "ಒಂದು ಬೆಲೂನು ಬಂದು ಮುಖಕ್ಕೆ ಬಡೀತು. ನಾನು ಸತ್ತೇ ಹೋದೆ, ಇದು ಮೇಲಿನ ಮೋಡ ಅಂದ್ಕಂಡೆ. ನೋಡಿದ್ರೆ ಇವಳು ಪಕ್ಕದಲ್ಲಿ ದೊಡ್ಡಮ್ಮಾ ದೊಡ್ಡಮ್ಮಾ ಅಂತವ್ಳೆ."

ನಡೆದದ್ದನ್ನು ಅನುಪಮಾ ಹೇಳಿದಳು. ಎದುರಿನಿಂದ ಹುಲ್ಲಿನ ಟ್ರ್ಯಾಕ್ಟರು ಬರುತ್ತಿತ್ತು. ಅದನ್ನು ಹಿಂದೆ ಹಾಕಲು ಗೂಡ್ಸ್ ಗಾಡಿ ತಟ್ಟನೆ ಇವರ ಕಡೆಗೆ ನುಗ್ಗಿತು. ಬ್ರೇಕ್ ಒತ್ತಿ ಎಡಕ್ಕೆ ಎಳೆದದ್ದು ನೆನಪು. ಆಮೇಲೆ ದೊಡ್ಡ ಸದ್ದು, ಬಿಳಿ ಪುಡಿ, ಸುಟ್ಟ ವಾಸನೆ. ಹೆದರಿಕೆಯಿಂದ ಬಾಗಿಲಿನ ಹಿಡಿ ಎಳೆದರೆ, ಯಾವತ್ತಿನ ಹಾಗೆಯೇ ಬಾಗಿಲು ತೆರೆದುಕೊಂಡಿತಂತೆ. ಕೆಳಗೆ ಬಿದ್ದಿದ್ದ ಫೋನನ್ನು ಅಷ್ಟರಲ್ಲಿ ಯಾರೋ ಎತ್ತಿಕೊಂಡು ಅಪ್ಪನಿಗೆ ಮಾಡಿದ್ದರಂತೆ.

"ಇವಳು ಹೊರಡೋವಾಗ ಪಟ್ಟಿ ಬಿಗಿದ್ಳು," ಎಂದಳು ಲಕ್ಷ್ಮಕ್ಕ. "ನಾನೇನು ಹಸುವೇನೇ ಕಟ್ಟಾಕಾಕೆ ಅಂತ ಬೈದೆ. ಪಾವಗಡದ ತಂಕ ಬೈತಾನೇ ಇದ್ದೆ ಕಣಪ್ಪ."

ಪಾಲಾಕ್ಷ ಎದ್ದು ಕಾರಿನ ಹತ್ತಿರ ಹೋದ. ಅಷ್ಟರಲ್ಲಿ ಯಾರೋ ವೈರು ಕಿತ್ತು ಹಾರನ್ನು ನಿಲ್ಲಿಸಿದ್ದರು. ಮುಂದಿನ ಭಾಗ ಪೂರ್ತಿ ಚಿಂದಿ. ಆದರೆ ಒಳಗೆ ಬಗ್ಗಿ ನೋಡಿದರೆ ಸೀಟುಗಳು ಇದ್ದಲ್ಲೇ ಇದ್ದವು, ಕಾಲಿಡುವ ಜಾಗ ಹಾಗೇ ಇತ್ತು. ಸ್ಟೇರಿಂಗಿನಿಂದ ಗಾಳಿ ಹೋದ ಏರ್‌ಬ್ಯಾಗು ಜೋತುಬಿದ್ದಿತ್ತು. ಹಿಂದಿನ ಸೀಟಿನಲ್ಲಿ ಲಕ್ಷ್ಮಕ್ಕ ತಂದಿದ್ದ ಕಡ್ಲೆಕಾಯಿಯ ಚೀಲ ಕೆಳಕ್ಕೆ ಉರುಳಿತ್ತು, ಬಾಯಿ ಕೂಡ ಬಿಚ್ಚಿರಲಿಲ್ಲ. ತಾನು ಹೆಬ್ಬೆಟ್ಟಿಟ್ಟು ನಗೆಯಾಡಿದ ತಗಡು ಎಲ್ಲಿ ಹೋಯಿತು ಎಂದು ಅವನು ಹುಡುಕಿದ. ಅದು ಮಡಿಕೆ ಮಡಿಕೆಯಾಗಿ, ಇಬ್ಬರು ಹೆಂಗಸರು ಕೂತಿದ್ದ ಜಾಗದ ಹೊಸ್ತಿಲಿನವರೆಗೆ ಬಂದು ನಿಂತಿತ್ತು. ಅದರ ಮೇಲೆ ಅಂಗೈ ಇಟ್ಟ. ಇನ್ನೂ ಬಿಸಿ ಇತ್ತು.

ಆಂಬುಲೆನ್ಸ್ ಬಂತು. ಡ್ರೈವರನ್ನೂ ಇವರಿಬ್ಬರನ್ನೂ ಹತ್ತಿಸಿಕೊಂಡು ಮಧುಗಿರಿಗೆ ತಿರುಗಿತು. ವನಜಾ ಅದರಲ್ಲೇ ಹತ್ತಿದಳು. ಪಾಲಾಕ್ಷ ಒಬ್ಬನೇ ಹಳೇ ಕಾರಿನಲ್ಲಿ ಹಿಂದೆ ಹೊರಟ. ಬೇಗ ಓಡಿಸಲು ಅವನಿಗೆ ಧೈರ್ಯ ಬರಲಿಲ್ಲ. ಎಷ್ಟೋ ವರ್ಷ ಹಿಡಿದ ಸ್ಟೇರಿಂಗು ಅಂದು ಮೊದಲ ಸಲ, ನೇರ ಎದೆಗೆ ಗುರಿಯಿಟ್ಟ ಕಬ್ಬಿಣದ ಗೂಟದ ಹಾಗೆ ಕಂಡಿತು. ಎಲ್ಲರನ್ನೂ ಮುಂದೆ ಹೋಗಲು ಬಿಟ್ಟು, ಎಡಕ್ಕೆ ಅಂಟಿಕೊಂಡು ಊರು ಸೇರಿದ.

ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದರು. ಅನುಪಮಾಳ ಮಣಿಕಟ್ಟಿನಲ್ಲಿ ಸಣ್ಣ ಬಿರುಕು, ಮೊಳಕೈ ತನಕ ತರಚಿದ ಗಾಯ. ಲಕ್ಷ್ಮಕ್ಕನ ಭುಜದ ಮೂಳೆ ಸ್ವಲ್ಪ ಸೀಳು ಬಿಟ್ಟಿತ್ತು. ಒಳಗೆಲ್ಲೂ ರಕ್ತ ಸೋರಿಲ್ಲ, ಒಂದು ರಾತ್ರಿ ಇರಲಿ, ನಾಳೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಆ ಮಾತು ಕೇಳಿದ ಮೇಲೆ ವನಜಾ ಗೋಡೆಗೆ ಒರಗಿ ದೊಡ್ಡದೊಂದು ಉಸಿರು ಬಿಟ್ಟಳು.

ಲಕ್ಷ್ಮಕ್ಕ ಮಂಚದ ಮೇಲೆ ಕೂತು ಕತ್ತಿನ ಹತ್ತಿರದ ಸೆರಗು ಸ್ವಲ್ಪ ಸರಿಸಿದಳು. ಭುಜದಿಂದ ಎದೆಗೆ ಅಡ್ಡಲಾಗಿ ಅಂಗೈ ಅಗಲದ ನೇರಳೆ ಬರೆ.

"ಪಾಲಾಕ್ಷಪ್ಪ, ಒಂದು ಕೇಳ್ತೀನಿ. ಆವತ್ತು ನಿಮ್ಮಣ್ಣಂಗೆ ಈ ಪಟ್ಟಿ ಇತ್ತಾ?"

"ಇರ್ಲಿಲ್ಲ ಅತ್ತಿಗೆ. ಆ ಕಾರಲ್ಲಿ ಇಲ್ಲವೇ ಇಲ್ಲ."

"ಆ ಬೆಲೂನು?"

"ಅದೂ ಇಲ್ಲ."

ಅವಳು ಆ ಬರೆಯ ಮೇಲೆ ಮೆಲ್ಲಗೆ ಬೆರಳಾಡಿಸಿದಳು. ಆಮೇಲೆ, "ಹಂಗಾದ್ರೆ ನನ್ ದೆಸೆ ಅಲ್ಲ, ಅಲ್ವೇನಪ್ಪಾ?" ಎಂದಳು.

ಪಾಲಾಕ್ಷನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ತಾಯಿಯ ಮಾತು ನೆನಪಾಯಿತು. ಮನೆಯಲ್ಲಿ ಎಲ್ಲರೂ ಮರೆತಿದ್ದ ಆ ಮಾತನ್ನು ಈ ಹೆಂಗಸು ಇಷ್ಟು ವರ್ಷ ಹೊಸಕೋಟೆಯ ಹೊಲದಲ್ಲಿ ಒಬ್ಬಳೇ ಹೊತ್ತುಕೊಂಡು ತಿರುಗಿದ್ದಳು. 'ಕಾರಿಗೆ ಏನೂ ಆಗಲಿಲ್ಲ ನೋಡಿ' ಎಂದು ತಾನು ಊರಿಗೆಲ್ಲ ಸಾರಿದಾಗಲೆಲ್ಲ ಆ ಮಾತೇ ಅವಳಿಗೆ ಮತ್ತೆ ಮತ್ತೆ ಕೇಳಿಸಿರಬೇಕು.

ಅವನು ಮಂಚದ ಪಕ್ಕ ನೆಲದ ಮೇಲೆ ಕೂತ. "ಅಲ್ಲ ಅತ್ತಿಗೆ. ಎಂದೂ ಅಲ್ಲ. ಕಾರು ಬಗ್ಗಲಿಲ್ಲ, ಅದರ ಏಟೆಲ್ಲ ಅಣ್ಣನ ಎದೆಗೆ ಬಿತ್ತು. ಅಷ್ಟೇ ಆಗಿದ್ದು. ಅವತ್ತು ನೀವು ಮನೇಲಿ ಇದ್ದು ಅವನೊಬ್ಬನೇ ಹೋಗಿದ್ರೂ ಅಂಗೇ ಆಗ್ತಿತ್ತು."

"ನಾನೇ ಹೊರಡ್ಸಿದ್ದು ಅವತ್ತು. ತಂಗಿ ಮಗೀಗೆ ನಾಮಕರಣ ಅಂತ."

"ನಾಮಕರಣಕ್ಕೆ ಹೋಗೋದು ತಪ್ಪಾ ಅತ್ತಿಗೆ?"

ಲಕ್ಷ್ಮಕ್ಕ ತಲೆಯಾಡಿಸಿದಳು. ಕಣ್ಣೀರು ಕೆನ್ನೆಯ ಬಿಳಿ ಪುಡಿಯಲ್ಲಿ ಗೆರೆ ಎಳೆಯುತ್ತ ಇಳಿಯಿತು. ಒರೆಸಿಕೊಳ್ಳಲು ಕೈ ಎತ್ತಿದವಳು ಭುಜದ ನೋವಿಗೆ "ಅಬ್ಬಾ" ಎಂದಳು. ವನಜಾ ಬಂದು ಒದ್ದೆ ಬಟ್ಟೆಯಿಂದ ಅವಳ ಮುಖ ಒರೆಸಿದಳು. ಸ್ವಲ್ಪ ಹೊತ್ತಿಗೆ ಅವಳಿಗೆ ನಿದ್ದೆ ಹತ್ತಿತು. ಗೊರಕೆ ಹೊರಗಿನ ವರಾಂಡಕ್ಕೂ ಕೇಳುತ್ತಿತ್ತು.

ಹಳೇ ಕಾರನ್ನು ಪಾಲಾಕ್ಷ ಇಟ್ಟುಕೊಳ್ಳಲಿಲ್ಲ. ಕೊಂಡು ಓಡಿಸುತ್ತೇನೆ ಎಂದು ಬಂದವರಿಗೂ ಕೊಡಲಿಲ್ಲ. ಶಿರಾದ ಗುಜರಿಯವನು ಬಂದು, "ಇಷ್ಟು ಮಜಬೂತ್ ಗಾಡಿ, ಯಾಕೆ ಒಡೆಸ್ತೀರಿ ಸಾಬ್?" ಎಂದಾಗ, "ಅದಕ್ಕೇ" ಎಂದಷ್ಟೇ ಹೇಳಿ ಕೀಲಿ ಕೊಟ್ಟ. ಲಕ್ಷ್ಮಕ್ಕನ ಆಪರೇಷನ್ನು ಒಂದು ತಿಂಗಳು ಮುಂದಕ್ಕೆ ಹೋಯಿತು. ಭುಜ ಕೂಡುವ ತನಕ ಮಧುಗಿರಿಯಲ್ಲೇ ಇರಲಿ ಎಂದರು, ಕೂಡಿದ ಮೇಲೂ ಅವಳು ಹೊರಡುವ ಮಾತೆತ್ತಲಿಲ್ಲ, ಯಾರೂ ಕೇಳಲಿಲ್ಲ.

ಆದರೆ ಅದೆಲ್ಲ ಆಮೇಲಿನದು. ಆ ಭಾನುವಾರ ಸಂಜೆ ಆಸ್ಪತ್ರೆಯ ವರಾಂಡದಲ್ಲಿ ಕೂತಾಗಲೇ ಬೆಳಿಗ್ಗೆಯಿಂದ ಯಾರೂ ಏನೂ ತಿಂದಿಲ್ಲ ಎಂಬುದು ನೆನಪಾದದ್ದು. ವನಜಾ ಎದುರಿನ ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಬಂದಳು. ಅನುಪಮಾಳ ಬಲಗೈಗೆ ಪ್ಲಾಸ್ಟರ್ ಹಾಕಿದ್ದರು. ಪಾಲಾಕ್ಷ ಪೊಟ್ಟಣ ಬಿಚ್ಚಿ, ಇಡ್ಲಿ ಮುರಿದು ಚಟ್ನಿಯಲ್ಲಿ ಅದ್ದಿ, ಮಗಳ ಬಾಯಿಗಿಟ್ಟ. ಅವಳು ಅಗಿದು ನುಂಗುವ ತನಕ ಅವಳ ಮುಖವನ್ನೇ ನೋಡುತ್ತ ಕೂತ.

"ಚಟ್ನಿ ಖಾರ ಅಪ್ಪಾ," ಎಂದಳು ಅನುಪಮಾ.

"ಖಾರ ಆಗ್ಲಿ, ತಿನ್ನು," ಎಂದು ಅವನು ಇನ್ನೊಂದು ತುತ್ತು ಮುರಿದ.