ನಲವತ್ತು ಗ್ರಾಂ

ಅಮೃತಾಳಿಗೆ ಮೂರು ವರ್ಷ ತುಂಬಿ ಎಂಟು ದಿನವಾಗಿತ್ತು. ಇಷ್ಟರಲ್ಲಿ ಅವಳು ಕಲಿತ ವಿದ್ಯೆಗಳಲ್ಲಿ ದೊಡ್ಡದೆಂದರೆ, ಬಾಯಿಗಿಟ್ಟ ತುತ್ತನ್ನು ನುಂಗದೆ, ಉಗುಳದೆ, ಎಡಗೆನ್ನೆಯೊಳಗೆ ಜೋಪಾನವಾಗಿ ಇಟ್ಟುಕೊಳ್ಳುವುದು. ಹಾಗೆ ಇಟ್ಟುಕೊಂಡು ಅವಳು ಅಂಗಳದಲ್ಲಿ ಕುಣಿಯಬಲ್ಲಳು, ಬೆಕ್ಕಿನ ಹಿಂದೆ ಓಡಬಲ್ಲಳು, ಮಲಗಿ ನಿದ್ದೆಯನ್ನೂ ಮಾಡಬಲ್ಲಳು. ಒಮ್ಮೆ ಬೆಳಗಿನ ತುತ್ತು ಮಧ್ಯಾಹ್ನ ಅಜ್ಜಿಯ ಎಲೆ ಅಡಿಕೆಯ ಚೀಲದಲ್ಲಿ ಸಿಕ್ಕಿತ್ತು.

"ನುಂಗವ್ವಾ ತಾಯಿ," ಎಂದು ಅವಳ ಅವ್ವ ಸುರೇಖಾ ಅವತ್ತು ಬೆಳಿಗ್ಗೆ ಎಂಟನೆಯ ಸಲ ಹೇಳಿದಳು.

ಅಮೃತಾ ತಲೆಯಾಡಿಸಿ ನಕ್ಕಳು. ಕೆನ್ನೆ ಉಬ್ಬಿಕೊಂಡೇ ಇತ್ತು.

"ಕಾಗಿ ಬಂತು ನೋಡು. ನುಂಗಲಿಲ್ಲಂದ್ರ ಅದು ಒಯ್ತೈತಿ."

ಅಮೃತಾ ಕಾಗೆಯನ್ನು ನೋಡಿದಳು. ಹಾಲಿನಲ್ಲಿ ನೆನೆದ ರೊಟ್ಟಿಯ ತುತ್ತನ್ನು ಬಾಯಿಂದ ಅಂಗೈಗೆ ತೆಗೆದು, ಕೈ ಚಾಚಿ, "ತಗೋ," ಎಂದಳು. ಕಾಗೆ ಮೊದಲು ಅನುಮಾನಿಸಿತು, ಆಮೇಲೆ ಬಂದು ಒಯ್ದೇ ಒಯ್ದಿತು. ಹುಡುಗಿ ಚಪ್ಪಾಳೆ ತಟ್ಟಿದಳು. ಸುರೇಖಾಳಿಗೂ ನಗು ಬಂತು. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದಳು. ಅವತ್ತು ತೂಕದ ದಿನ, ಗದರಿದಳು.

ಸುರೇಖಾ ಆ ಓಣಿಯ ಅಂಗನವಾಡಿ ಟೀಚರು. ಕುಷ್ಟಗಿಯಿಂದ ಬಸ್ಸಿನಲ್ಲಿ ಅರ್ಧ ತಾಸಿನ ಊರು ಅದು. ಗಂಡ ಪ್ರಭುರಾಜ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದ. ಮನೆಗೂ ಅಂಗನವಾಡಿಗೂ ನಡುವೆ ನಾಲ್ಕೇ ಮನೆ. ಇಲ್ಲಿ ಬೈದರೆ ಅಲ್ಲಿ ಕೇಳಿಸುತ್ತಿತ್ತು, ಅಲ್ಲಿ ಹಾಡು ಹೇಳಿಸಿದರೆ ಇಲ್ಲಿ. ಬೆಳಿಗ್ಗೆ ಸೊಸೆ, ಹತ್ತಕ್ಕೆ ಟೀಚರು, ನಾಲ್ಕಕ್ಕೆ ಮತ್ತೆ ಸೊಸೆ. ತನ್ನದು ಎಂದು ಹೇಳಿಕೊಳ್ಳಲು ನಡುವಿನ ಆ ನಾಲ್ಕು ಮನೆಯ ದಾರಿ ಮಾತ್ರ ಇತ್ತು, ಅದರಲ್ಲೂ ಅಮೃತಾ ಸೊಂಟದ ಮೇಲೆ.

"ಇವತ್ತ ತೂಗೋದು ಐತೇನು?" ಎಂದು ಅತ್ತೆ ಬಸವಣ್ಣೆಮ್ಮ ಪಡಸಾಲೆಯಿಂದ ಕೇಳಿದಳು.

"ಐತ್ರಿ."

"ಅಮ್ಮೂನ್ನ ಮಷಿನ್ ಮ್ಯಾಲ ನಿಂದ್ರಿಸಬ್ಯಾಡ. ಕೂಸುಗಳನ್ನ ತೂಗಿದ್ರ ಸೊರಗತಾವ."

"ಓಣ್ಯಾಗಿನ ಮಕ್ಕಳನ್ನೆಲ್ಲ ತೂಗ್ತೀನಲ್ರಿ ಅತ್ತಿ."

"ಅವು ಸರಕಾರದ ಪುಸ್ತಕದಾಗಿನ ಮಕ್ಕಳು. ಇಕಿ ನನ್ನ ಮೊಮ್ಮಗಳು."

ಇವಳೂ ಅದೇ ಪುಸ್ತಕದಲ್ಲಿದ್ದಾಳೆ, ಹದಿನೇಳನೆಯ ನಂಬರು ಎಂದು ಹೇಳಬೇಕೆನಿಸಿತು ಸುರೇಖಾಳಿಗೆ. ಆರು ವರ್ಷದಿಂದ ಆ ಮನೆಯಲ್ಲಿ ಹೇಳದೆ ಉಳಿದ ಮಾತುಗಳ ಸಾಲಿಗೆ ಅದೂ ಹೋಗಿ ಸೇರಿತು.

ಅವಳ ಎದೆಯಲ್ಲಿ ಕಲ್ಲಿನಂತೆ ಕೂತಿದ್ದ ಸಂಗತಿ ಬೇರೆಯೇ ಇತ್ತು. ಪ್ರತಿ ಮಗುವಿಗೂ ಒಂದು ಚಾರ್ಟು ಇರುತ್ತದೆ. ತೂಕ ನೋಡಿ ಅದರಲ್ಲಿ ಚುಕ್ಕೆ ಇಡಬೇಕು. ಚುಕ್ಕೆ ಹಸಿರು ಪಟ್ಟಿಯಲ್ಲಿ ಬಿದ್ದರೆ ಮಗು ನೆಟ್ಟಗಿದೆ ಎಂದು, ಹಳದಿಯಲ್ಲಿ ಬಿದ್ದರೆ ತೂಕ ಕಡಿಮೆ ಎಂದು. ತೂಗುವ ಮೊದಲು ಮೈಮೇಲಿನ ಬೆಳ್ಳಿ ಬಿಚ್ಚಬೇಕು ಎಂಬ ನಿಯಮವನ್ನು ಓಣಿಯ ತಾಯಂದಿರಿಗೆಲ್ಲ ಬೈದು ಬೈದು ಕಲಿಸಿದವಳು ಅವಳೇ. ಆದರೆ ಕಳೆದ ಮೂರು ತಿಂಗಳು ಮಗಳನ್ನು ಮಾತ್ರ ಎಲ್ಲರೂ ಹೋದ ಮೇಲೆ, ಬಾಗಿಲು ಮುಚ್ಚಿ, ಸೊಂಟದ ಉಡದಾರ, ಕಾಲಿನ ಕಡಗ, ಮೈಮೇಲಿನ ಫ್ರಾಕು ಸಮೇತ ತೂಗಿದ್ದಳು. ಒಂದು ಸಲ ಕೈಯಲ್ಲಿದ್ದ ಶೇಂಗಾ ಚಿಕ್ಕಿಯನ್ನೂ ಬಿಡಿಸಿರಲಿಲ್ಲ. ಚುಕ್ಕೆ ಹಸಿರಿನಲ್ಲಿ ಬಿದ್ದಿತ್ತು, ಅಂಚಿಗೆ ತಾಗಿಕೊಂಡು. ಕೂಸಿಗೆ ಮೂರು ತುಂಬಿತೆಂದರೆ ಹಸಿರಿನ ಗೆರೆ ಇನ್ನೂ ಮೇಲೇರುತ್ತದೆ. ಹತ್ತು ಕಿಲೊ ಎಂಟುನೂರು ಗ್ರಾಂ ಬೇಕು.

ಈ ಸಲ ಎಲ್ಲರೂ ಹೋಗುವ ತನಕ ಕಾಯಲು ಬಿಡದವಳು ಯಮನೂರಮ್ಮ. ಕೂಲಿಗೆ ಹೋಗುವ ಹೆಂಗಸು. ಅವಳ ಮಗ ಗಾಳೇಶನ ಚುಕ್ಕೆಯನ್ನು ಕಳೆದ ತಿಂಗಳು ಸುರೇಖಾ ಹಳದಿಯಲ್ಲಿ ಇಟ್ಟಿದ್ದಳು. ದಿನಕ್ಕೆ ಐದು ಸಲ ಉಣ್ಣಿಸು, ಸಮಾಧಾನದಿಂದ ಉಣ್ಣಿಸು ಎಂದು ಅರ್ಧ ತಾಸು ಉಪದೇಶ ಮಾಡಿದ್ದಳು. ಯಮನೂರಮ್ಮ ತಲೆತಗ್ಗಿಸಿ ಎಲ್ಲ ಕೇಳಿ, ಹೊರಡುವಾಗ ಬಾಗಿಲಲ್ಲಿ ನಿಂತು, "ಮುಂದಿನ ತಿಂಗಳ ನಿಮ್ಮಾಕಿನ್ನೂ ನಮ್ಮ ಮುಂದನ ತೂಗ್ರಿ ಟೀಚರ. ನಾವೂ ಕಣ್ಣಿಂದ ನೋಡ್ತೀವಿ," ಎಂದು ಹೇಳಿಹೋಗಿದ್ದಳು.

ಹತ್ತೂವರೆಗೆ ಅಂಗನವಾಡಿ ತುಂಬಿತು. ಒಂದೇ ಕೋಣೆ. ಮಕ್ಕಳು ರಸ್ತೆಗೆ ಓಡಬಾರದೆಂದು ಬಾಗಿಲಿಗೆ ಮೊಣಕಾಲೆತ್ತರದ ಗೇಟು, ಕಿಟಕಿಗೆ ಸರಳು. ಮೂಲೆಯಲ್ಲಿ ಸಹಾಯಕಿ ಪಕ್ಕೀರವ್ವ ಕುಕ್ಕರಿಗೆ ಅಕ್ಕಿ ಹಾಕುತ್ತಿದ್ದಳು. ಸುರೇಖಾಳಿಗಿಂತ ಇಪ್ಪತ್ತು ವರ್ಷ ದೊಡ್ಡವಳು, ಬಾಯಿಗೆ ಚಿಲಕವಿಲ್ಲದವಳು. ಅಮೃತಾ ಎಂದಿನಂತೆ ಅವ್ವನನ್ನು ಉಳಿದ ಮಕ್ಕಳ ಹಾಗೆ "ಟೀಚರ್, ಟೀಚರ್" ಎಂದು ಕರೆಯುತ್ತ, ಬೇರೆ ಮಗು ಸೆರಗು ಹಿಡಿದರೆ ಮಾತ್ರ "ನಮ್ಮವ್ವ" ಎಂದು ದೂಡುತ್ತಿದ್ದಳು.

ತಾಯಂದಿರು ಒಬ್ಬೊಬ್ಬರೇ ಮಕ್ಕಳನ್ನು ತೂಗಿಸಿಕೊಂಡು ಹೊರಟರು. ಗಾಳೇಶನ ಸರದಿ ಬಂತು. ಅವನ ಮೈಮೇಲೆ ಬಿಚ್ಚಲು ಕರಿದಾರ ಬಿಟ್ಟರೆ ಏನೂ ಇರಲಿಲ್ಲ. ಅವನು ಮಷಿನ್ನಿನ ಮೇಲೆ ಸಿಪಾಯಿಯಂತೆ ನಿಂತ. ಸುರೇಖಾ ಅಂಕಿ ನೋಡಿದಳು, ಮತ್ತೊಮ್ಮೆ ಇಳಿಸಿ ಹತ್ತಿಸಿ ನೋಡಿದಳು.

"ಮುನ್ನೂರು ಗ್ರಾಂ ಏರ್ಯಾನ. ಹಸಿರಿಗೆ ಬಂದ, ಯಮನೂರಮ್ಮ."

"ಬರಲಾರದ ಏನ್ ಮಾಡ್ತಾನ್ರಿ," ಎಂದಳು ಯಮನೂರಮ್ಮ. "ನೀವ್ ಹೇಳಿದಾಂಗ ಹೊಲಕ್ಕ ಕರಕೊಂಡ ಹೋಗಿ ತಾಸಿಗೊಮ್ಮೆ ತಿನಿಸೀನಿ. ಹೊಲದ ಯಜಮಾನಿ, ಕಳೆ ತಗ್ಯಾಕ ಬಂದೀಯೋ ಕೂಸಿಗೆ ಉಣ್ಣಸಾಕ ಬಂದೀಯೋ ಅಂತ ಬೈದ್ಲು. ಬೈಸ್ಕೊಂಡೀನಿ." ಮಗನಿಗೆ ಅಂಗಿ ತೊಡಿಸಿದಳು. ಹೋಗಲಿಲ್ಲ. ಗೋಡೆಗೆ ಒರಗಿ ಕುಳಿತಳು. "ಈಗ ನಿಮ್ಮಾಕಿನ್ನ ನಿಂದ್ರಿಸ್ರಿ."

ಕೋಣೆಯಲ್ಲಿ ಇನ್ನೂ ಮೂವರು ತಾಯಂದಿರಿದ್ದರು. ಯಾರೂ ಏಳಲಿಲ್ಲ. ಆಗುವುದಿಲ್ಲ ಎನ್ನಲು ಸುರೇಖಾಳಿಗೆ ಒಂದು ಕಾರಣವೂ ಹೊಳೆಯಲಿಲ್ಲ. ಅವಳು ಮಗಳ ಫ್ರಾಕು ಬಿಚ್ಚಿದಳು. ಉಡದಾರದ ಕೊಂಡಿಗೆ ಕೈ ಹಾಕಿದಳು. ಕೊಂಡಿ ಅಲುಗಲಿಲ್ಲ. ಅದು ಅಲುಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಐದು ವರ್ಷ ತುಂಬುವ ತನಕ ಮೈಮೇಲಿನ ಬೆಳ್ಳಿ ಇಳಿಯಬಾರದೆಂದು ಬಸವಣ್ಣೆಮ್ಮ ಕೊಪ್ಪಳದ ಅಕ್ಕಸಾಲಿಗನ ಹತ್ತಿರ ಉಡದಾರದ ಕೊಂಡಿಗೂ ಕಡಗದ ಬಾಯಿಗೂ ಬೆಸುಗೆ ಹಾಕಿಸಿದ್ದಳು.

"ಬೆಸಿಗಿ ಹಾಕ್ಯಾರ," ಎಂದಳು ಸುರೇಖಾ. ತನ್ನ ದನಿ ತನಗೇ ಬೇರೆಯವರದೆನಿಸಿತು. "ಬಿಚ್ಚಾಕ ಬರಂಗಿಲ್ಲ. ಇದ್ದಾಂಗ ತೂಗ್ತೀನಿ."

"ತೂಗ್ರಿ."

ಅಮೃತಾ ಮಷಿನ್ ಹತ್ತಿ ಕಾಲು ಕುಣಿಸಿದಳು. ಅಂಕಿಗಳೂ ಕುಣಿದವು. "ನೆಟ್ಟಗ ನಿಂದ್ರ ಅಮ್ಮು." ನಿಂತಳು. ಹತ್ತು ಕಿಲೊ ಒಂಬೈನೂರ ಹತ್ತು.

ಹಸಿರು. ಸುರೇಖಾ ಪೆನ್ನು ತೆಗೆದಳು. ಒಂದು ಚುಕ್ಕೆ ಇಟ್ಟು ಚಾರ್ಟು ಮುಚ್ಚಿದರೆ ಮುಗಿಯಿತು. ಬಿಚ್ಚಲು ಬಾರದ್ದನ್ನು ಬಿಚ್ಚಲಿಲ್ಲ, ಅದು ತನ್ನ ತಪ್ಪೆ?

"ಟೀಚರ," ಎಂದಳು ಯಮನೂರಮ್ಮ, ಬಹಳ ಮೆಲ್ಲಗೆ. "ನಿಮ್ಮತ್ತಿ ಆ ಬೆಳ್ಳಿ ಮಾಡಿಸಿದಾಗ ನಮ್ಮ ಕಟ್ಟೀಗೆ ಬಂದ ತೋರಿಸಿದ್ಲು. ಹದಿನೈದು ತೊಲಿ ಅಂತ."

"ನನಗೂ ಅಷ್ಟ ಹೇಳ್ಯಾಳ," ಎಂದಳು ಇನ್ನೊಬ್ಬಳು.

ಪಕ್ಕೀರವ್ವ ಕುಕ್ಕರಿನ ಮುಚ್ಚಳ ತಿರುವುತ್ತ, "ಓಣಿಗೆಲ್ಲ ಹೇಳ್ಯಾಳ ಬಿಡು. ನಮ್ಮನಿ ಎಮ್ಮಿಗೆ ಒಂದು ಹೇಳಿಲ್ಲ," ಎಂದಳು.

ಎಲ್ಲರೂ ನಕ್ಕರು. ಯಮನೂರಮ್ಮ ಮಾತ್ರ ನಗಲಿಲ್ಲ. ಬೆರಳು ಮಡಚುತ್ತಿದ್ದಳು. "ತೊಲಿಗೆ ಹತ್ತ ಗ್ರಾಂ ಹಿಡದ್ರೂ ನೂರಾ ಐವತ್ತಾತು. ಕಳದ ನೋಡ್ರಿ."

ಸುರೇಖಾ ಕಳೆಯಬೇಕಾದದ್ದೇನೂ ಇರಲಿಲ್ಲ. ಲೆಕ್ಕ ಮೂರು ತಿಂಗಳಿಂದ ಅವಳ ತಲೆಯಲ್ಲಿತ್ತು. ಹತ್ತು ಕಿಲೊ ಏಳುನೂರ ಅರವತ್ತು. ಗೆರೆಗೆ ನಲವತ್ತು ಗ್ರಾಂ ಕಡಿಮೆ. ಒಂದು ಹಿಡಿ ಶೇಂಗಾದ ತೂಕ. ಅಷ್ಟಕ್ಕಾಗಿ ತಾನು ಬಾಗಿಲು ಮುಚ್ಚಿಕೊಂಡಿದ್ದೆನೆ ಎಂದು ಅವಳಿಗೆ ನಾಚಿಕೆಯಾಯಿತು. ಮರುಕ್ಷಣವೇ, ಮನೆಗೆ ಹೋಗಿ ಏನು ಹೇಳಲಿ ಎಂಬ ಭಯ ನಾಚಿಕೆಯನ್ನೂ ನುಂಗಿತು. ಸುಳ್ಳು ಚುಕ್ಕೆ ಇಟ್ಟರೆ ಯಮನೂರಮ್ಮನ ಮುಖ ನೋಡುವಂತಿಲ್ಲ, ನಿಜದ್ದು ಇಟ್ಟರೆ ಅತ್ತೆಯದು. ಇಬ್ಬರ ಮುಖವೂ ದಿನಾ ನೋಡಲೇಬೇಕಾದ ಓಣಿ ಅದು.

"ಅವ್ವಾ, ಇಳೀಲಿ?" ಎಂದಳು ಅಮೃತಾ, ಮಷಿನ್ನಿನ ಮೇಲಿಂದ.

"ಇಳಿ."

ಅವಳು ಚಾರ್ಟಿನಲ್ಲಿ ಚುಕ್ಕೆ ಇಟ್ಟಳು, ಹಳದಿಯಲ್ಲಿ. ಎಲ್ಲರಿಗೂ ಕಾಣುವಂತೆ ಚಾರ್ಟನ್ನು ಹಿಡಿಯಬೇಕೆನಿಸಿತು, ಅಷ್ಟು ಧೈರ್ಯ ಬರಲಿಲ್ಲ. ಯಮನೂರಮ್ಮ ತಾನೇ ಬಗ್ಗಿ ನೋಡಿದಳು.

"ಊರಿಗೆಲ್ಲ ಶಕುನ ಹೇಳೋ ಹಲ್ಲಿ ಮಜ್ಜಿಗಿ ಗಡಿಗ್ಯಾಗ ಬಿತ್ತು," ಎಂದಳು. ಗೆದ್ದವಳ ದನಿಯಲ್ಲಿ ಶುರುವಾದ ಮಾತು ಮುಗಿಯುವ ಹೊತ್ತಿಗೆ ಸಪ್ಪಗಾಗಿತ್ತು. ಮಗನನ್ನು ಎತ್ತಿಕೊಂಡಳು. "ಉಣ್ಣಂಗಿಲ್ಲೇನ್ರಿ?"

"ಗಲ್ಲದಾಗ ಇಟಗೊಂತಾಳ."

"ಇವನೂ ಹಂಗ ಇದ್ದ," ಎಂದು ಗೇಟು ತೆರೆದು ಹೊರಟಳು.

ಹಳದಿಯ ಮಗುವಿದ್ದರೆ ಅದೇ ದಿನ ಟೀಚರು ಆ ಮನೆಗೆ ಹೋಗಿ, ಮಗುವನ್ನು ನೋಡಿಕೊಳ್ಳುವ ಹಿರಿಯರನ್ನು ಕೂರಿಸಿ, ಭೇಟಿ ಪುಸ್ತಕದ ಪ್ರಶ್ನೆಗಳನ್ನು ಕೇಳಿ, ಉತ್ತರ ಬರೆದು ಸಹಿ ತರಬೇಕು. ನಾಲ್ಕು ಗಂಟೆಗೆ ಸುರೇಖಾ ಪುಸ್ತಕ ಬಗಲಲ್ಲಿಟ್ಟುಕೊಂಡು, ಮಗಳನ್ನು ಎತ್ತಿಕೊಂಡು ಹೊರಟಳು. ನಾಲ್ಕು ಮನೆ ಎಷ್ಟು ಹೊತ್ತಿನ ದಾರಿ? ಅವತ್ತು ಅದು ಇನ್ನೂ ಚಿಕ್ಕದಾಗಿತ್ತು.

ಬಸವಣ್ಣೆಮ್ಮ ಹೊಸ್ತಿಲ ಮೇಲೆ ಕೂತಿದ್ದಳು. ಸುದ್ದಿ ಹನ್ನೊಂದು ಗಂಟೆಗೇ ಬಂದಿತ್ತೆಂದು ಮುಖವೇ ಹೇಳುತ್ತಿತ್ತು.

"ನನ್ನ ಬೆಳ್ಳೀನ ಓಣಿ ಹೆಣ್ಮಕ್ಕಳ ಮುಂದ ಲೆಕ್ಕ ಹಾಕಿಸಿದೆಂತಲ್ಲ."

ಸುರೇಖಾ ಮಗಳನ್ನು ಕೆಳಗಿಳಿಸಿದಳು. ಅಮೃತಾ ಅಜ್ಜಿಯ ಪಕ್ಕದಿಂದ ನುಸುಳಿ ಒಳಗೆ ಓಡಿದಳು. ಸುರೇಖಾಳಿಗೆ ಮಾತ್ರ ಹೊಸ್ತಿಲು ದಾಟಲು ಜಾಗವಿರಲಿಲ್ಲ.

"ಅತ್ತಿ, ನಾ ಈಗ ಸರಕಾರದ ಕೆಲಸಕ್ಕ ಬಂದೀನ್ರಿ. ಹಳದಿ ಕೂಸಿನ ಮನೀಗೆ ಬರಬೇಕು. ನಿಮ್ಮನ್ನ ನಾಕು ಮಾತು ಕೇಳಬೇಕು."

ಬಸವಣ್ಣೆಮ್ಮ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಎದ್ದು ಒಳಗೆ ಹೋಗಿ, ಬಂದವರಿಗೆಂದು ಇಟ್ಟ ಪ್ಲಾಸ್ಟಿಕ್ ಕುರ್ಚಿ ತಂದು ಪಡಸಾಲೆಯಲ್ಲಿ ಹಾಕಿದಳು. ತಂಬಿಗೆಯಲ್ಲಿ ನೀರು ತಂದಿಟ್ಟಳು.

"ಕುಂಡ್ರಿ, ಟೀಚರ," ಎಂದಳು. "ಸರಕಾರಕ್ಕ ಹೇಳ್ತೀನಿ, ಕೇಳ್ರಿ."

ಆರು ವರ್ಷದಲ್ಲಿ ಸುರೇಖಾ ಆ ಕುರ್ಚಿಯಲ್ಲಿ ಕೂತವಳಲ್ಲ. ತುದಿಯಲ್ಲಿ ಕೂತಳು. ಪುಸ್ತಕ ತೆರೆದಳು.

"ಕೂಸು ಬೆಳಿಗ್ಗೆ ಎದ್ದ ಕೂಡ್ಲೆ ಮೊದಲ ಏನ್ ತಿಂತೈತ್ರಿ?"

"ಚಹಾ."

ಪೆನ್ನು ನಿಂತಿತು. ಆರು ಗಂಟೆಗೆ ತಾನು ಒಲೆಯ ಮುಂದಿರುವಾಗ ಪಡಸಾಲೆಯಿಂದ ಬಟ್ಟಲಿನ ಸದ್ದು ಬರುವುದು ಅವಳಿಗೆ ಗೊತ್ತಿತ್ತು. ಕೇಳುವ ಧೈರ್ಯವಾಗಿರಲಿಲ್ಲ. ಪುಸ್ತಕದಲ್ಲಿ ಪ್ರಶ್ನೆ ಅಚ್ಚಾಗಿತ್ತು, ಅದಕ್ಕೇ ಕೇಳಿದ್ದಳು.

"ಚಹಾದ ಜೋಡಿ?"

"ಖಾರಿ ಬಿಸ್ಕೀಟ. ಎರಡು. ಒಮ್ಮೊಮ್ಮೆ ಮೂರು."

"ಮತ್ತ ಯಾವಾಗ?"

"ಮಧ್ಯಾಹ್ನ ನೀ ಮಕ್ಕಳನ್ನ ಮಲಗಿಸಿದಾಗ ಗೇಟ್ ದಾಟಿ ಓಡಿ ಬರ್ತಾಳಲ್ಲ, ಆವಾಗ." ಬಸವಣ್ಣೆಮ್ಮನಿಗೆ 'ರೀ' ಮರೆತುಹೋಗಿತ್ತು. "ನೀ ಉಣಸ್ಕೋತ ಗದರ್ತಿ. ಅಕಿ ಅಳಕೋತ ನನ್ನ ಹತ್ತರ ಬರ್ತಾಳ. ಅಳೋ ಕೂಸಿಗೆ ನಾ ಏನ್ ಕೊಡ್ಲಿ? ಚಹಾ ಆದ್ರ ಗಟಗಟ ಕುಡೀತಾಳ. ಕುಡದ್ರ ನಗ್ತಾಳ."

ಸುರೇಖಾ ಬರೆಯಲಿಲ್ಲ. ಸಮಾಧಾನದಿಂದ ಉಣ್ಣಿಸು ಎಂದು ತಾನು ಯಮನೂರಮ್ಮನಿಗೆ ಹೇಳಿದ್ದು ನೆನಪಾಯಿತು. ಗದರುವುದು ಅವಳು, ಸಂತೈಸುವುದು ಅತ್ತೆ. ಇಬ್ಬರ ನಡುವೆ ಹುಡುಗಿಗೆ ಹಸಿವೆಯೇ ಆಗುತ್ತಿರಲಿಲ್ಲ.

"ಬರಕೋ," ಎಂದಳು ಬಸವಣ್ಣೆಮ್ಮ. "ಎರಡೂ ಬರಿ. ನನ್ನದೊಂದ ಬರದು ನಿನ್ನದು ಬಿಟ್ಟಿ ಅಂದ್ರ ಸಹಿ ಮಾಡಂಗಿಲ್ಲ."

ಸುರೇಖಾ ಬರೆದಳು. ಚಹಾ ಮತ್ತು ಖಾರಿ, ದಿನಕ್ಕೆ ಎರಡು ಸಲ. ಅದರ ಕೆಳಗೆ, ತಾಯಿ ಉಣ್ಣಿಸುವಾಗ ಗದರುತ್ತಾಳೆ. ಸರಕಾರಿ ಪುಸ್ತಕದಲ್ಲಿ ತನ್ನ ಕೈಯಿಂದಲೇ ತನ್ನ ಮೇಲೆ ಬರೆದುಕೊಂಡದ್ದನ್ನು ಯಾರು ಯಾರು ಓದುತ್ತಾರೋ ಎಂದುಕೊಂಡಳು. ಹೊಡೆದುಹಾಕಲಿಲ್ಲ. ಅತ್ತೆಗೆ ಓದಿ ಹೇಳಿದಳು.

"ಚಹಾ ಬಂದ್ ಮಾಡಬೇಕ್ರಿ."

"ಬಂದ್ ಮಾಡಿದ್ರ ಅಕಿ ಅಳೋದು ನಿನ್ನ ಅಂಗನವಾಡಿ ತನಾ ಕೇಳ್ತೈತಿ."

"ಕೇಳ್ಲಿ. ನಾ ಗದರಂಗಿಲ್ಲ."

"ಎಷ್ಟ ದಿನ?"

"ಹದಿನೈದು ದಿನಕ್ಕ ಮತ್ತ ಬರಬೇಕ್ರಿ ನಾ," ಎಂದಷ್ಟೇ ಹೇಳಿದಳು ಸುರೇಖಾ.

ಬಸವಣ್ಣೆಮ್ಮ ಪೆನ್ನು ಕೇಳಿ ಪಡೆದು, ನಾಲ್ಕನೆಯ ತರಗತಿಯ ತನಕ ಕಲಿತ ಅಕ್ಷರಗಳಲ್ಲಿ, ಒಂದೊಂದನ್ನೇ ಕೊರೆದಂತೆ ಹೆಸರು ಬರೆದಳು. ಪುಸ್ತಕವನ್ನು ಸೊಸೆಯ ಮಡಿಲಿಗೆ ಸರಿಸಿದಳು.

"ಟೀಚರದು ಮುಗೀತೇನು?"

"ಮುಗೀತ್ರಿ."

"ಹಂಗಾರ ಕುರ್ಚಿ ಒಳಗ ಇಟ್ಟು ಹಿಟ್ಟು ನಾದು. ರೊಟ್ಟಿ ಹೊತ್ತಾತು."

ಸುರೇಖಾ ಎದ್ದಳು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಕುರ್ಚಿ ಹಿಡಿದು ಒಳಗೆ ನಡೆದಳು.